ಗರಡಿಯ ಮಣ್ಣು ತೆಗೆಸಿದ ಮೇಲೆ

ಮಲಪನಗುಡಿ, ಹೊಸಪೇಟೆ
೧೨ ನವೆಂಬರ್ ೨೦೨೫

ಪ್ರೀತಿಯ ಅಣ್ಣ ಹೊನ್ನೂರುಸ್ವಾಮಿಗೆ,

ನಮಸ್ಕಾರ. ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೆ. ಅವ್ವ ನೋಡಿದರೆ ಅಳುತ್ತಾಳೆಂದು ಹೊಸ ಹಾಳೆ ತೆಗೆದುಕೊಂಡು ಮತ್ತೆ ಬರೆದಿದ್ದೇನೆ. ಅದು ಅವ್ವನ ಸಲುವಾಗಿ ಬರೆದ ‘ಪ್ರೀತಿಯ’, ಹಾಗೆಂದೇ ಓದಿಕೋ. ಹೇಗಿದ್ದೀ? ಊಟ, ಸಾಮು, ನಿದ್ದೆ ಎಲ್ಲ ಸರಿಯಾಗಿ ನಡೆದಿದೆಯೇ? ಎಡಗಿವಿಯ ಹಿಂದೆ ಎದ್ದಿದ್ದ ಗುಳ್ಳೆಗಳು ಒಣಗಿದವೇ? ದಸರೆಗೆ ಬಂದು ಕುಸ್ತಿ ಆಡಿ ಮೈ ತೊಳೆದಾಗ ನಾನು ಕಂಡು ಕೇಳಿದರೆ ‘ಬೆವರುಗುಳ್ಳಿ ಲೇ, ಬಸ್ಸಿನ್ಯಾಗ ಭಾಳ ಸೆಕಿ ಇತ್ತು’ ಎಂದಿದ್ದೆಯಲ್ಲ, ಅವನ್ನೇ ಕೇಳುತ್ತಿದ್ದೇನೆ. ಇಲ್ಲಿ ಅವ್ವ ಪರವಾಗಿಲ್ಲ. ಮೊಣಕಾಲು ಹಿಡಿದುಕೊಂಡೇ ಓಡಾಡುತ್ತಾಳೆ, ಕುಂದ್ರು ಎಂದರೆ ಕೂರುವವಳಲ್ಲ. ಎಮ್ಮೆ ಈದಿದೆ, ಹೆಣ್ಣು ಕರು. ಗಿಣ್ಣ ಮಾಡಿ ನನಗೆ ಬಡಿಸುವಾಗಲೆಲ್ಲ ‘ನಮ್ಮ ಹೊನ್ನೂರಗ ಗಿಣ್ಣ ಅಂದ್ರ ಜೀವ’ ಎಂದು ನಿನ್ನ ಹೆಸರನ್ನೇ ಹೇಳಿದಳು. ಗಿಣ್ಣ ತಿಂದವನು ನಾನು, ಹೆಸರು ನಿನ್ನದು. ಇರಲಿ, ಅದು ಚಿಕ್ಕಂದಿನಿಂದ ರೂಢಿಯಾಗಿದೆ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನಗಬೇಡ. ಕೊಲ್ಲಾಪುರಕ್ಕೆ ಫೋನ್ ಮಾಡಿದರೆ ‘ತಾಲೀಮಿನ್ಯಾಗ ಅದೀನಿ, ಆಮ್ಯಾಲ ಮಾಡ್ತೀನಿ’ ಎಂದು ಇಡುತ್ತೀ. ಆ ‘ಆಮ್ಯಾಲ’ ಇನ್ನೂ ಬಂದಿಲ್ಲ. ವಾಟ್ಸಪ್ಪಿನಲ್ಲಿ ಬರೆದರೆ ನೀಲಿ ಗೆರೆ ಬೀಳುತ್ತದೆ, ಉತ್ತರ ಬೀಳುವುದಿಲ್ಲ. ಮೊನ್ನೆ ಅಷ್ಟುದ್ದ ಬರೆದೆನಲ್ಲ, ಅದಕ್ಕೆ ನೀನು ಕಳಿಸಿದ್ದೇನು? ಮುಗಿದ ಕೈಗಳ ಚಿತ್ರ. ನಾನೇನು ದಾರಿಯ ಪಕ್ಕದ ಗುಡಿಯೇನೋ ಮಾರಾಯ, ಗಾಡಿ ನಿಲ್ಲಿಸದೆ ಕೈ ಮುಗಿದು ಮುಂದೆ ಹೋಗಲಿಕ್ಕೆ? ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ. ಹರಿದುಹಾಕಬಹುದು, ಆದರೆ ಹರಿಯುವ ಮುಂಚೆ ಕೊನೆಯವರೆಗೂ ಕಣ್ಣಾಡಿಸುವವನೇ ನೀನು.

ದಸರೆಯಲ್ಲಿ ಸಂಡೂರಿನ ಕುಸ್ತಿಗೆಂದು ನೀನು ಬಂದಾಗ ನಮ್ಮ ಗರಡಿಮನೆಯ ಮುಂದೆ ಅರ್ಧ ಊರು ನಿಂತಿತ್ತು. ಹನುಮಪ್ಪನ ಪಟದ ಪಕ್ಕದಲ್ಲಿ ಬೆಳ್ಳಿ ಗದೆ ಹಿಡಿದ ನಿನ್ನ ಫೋಟೋ ಇದೆಯಲ್ಲ, ಅದನ್ನು ನಮಗೆ ಪಟ್ಟು ಕಲಿಸಿದ ಮೂಕಪ್ಪ ವಸ್ತಾದರು ತಮ್ಮ ಶಲ್ಯದಿಂದಲೇ ಒರೆಸಿ ಇಟ್ಟಿದ್ದರು. ಅಷ್ಟು ಹುಡುಗರಲ್ಲಿ ನೀನು ಮಣ್ಣಿಗೆ ಕರೆದದ್ದು ನನ್ನನ್ನು. ‘ಬಾರಲೇ ಜಂಬ್ಯಾ, ಫ್ಯಾಕ್ಟರಿ ಅನ್ನ ಎಷ್ಟು ಗಟ್ಟಿ ಮಾಡೈತಿ ನೋಡೋಣು’ ಎಂದೆ. ನಾನು ಕುರೆಕುಪ್ಪದ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ನೇರ ಬಂದಿದ್ದೆ, ಮೈಯೆಲ್ಲ ನೋಯುತ್ತಿತ್ತು, ಆದರೂ ನೀನು ಕರೆದೆಯಲ್ಲ ಎಂಬ ಹಿಗ್ಗಿನಲ್ಲಿ ಬಟ್ಟೆ ಕಳಚಿ ಇಳಿದೆ. ನಿನ್ನ ಕಿವಿಗೆ ನನ್ನ ಕೆನ್ನೆ ಒತ್ತಿ, ಕುತ್ತಿಗೆಗೆ ಕುತ್ತಿಗೆ ಕೊಟ್ಟು ಎಷ್ಟು ಹೊತ್ತು ತೆಕ್ಕೆಬಿದ್ದಿದ್ದೆವು! ನೀನು ಕಿವಿಯ ಹಿಂದೆ ದಪ್ಪಗೆ ಮಣ್ಣು ಮೆತ್ತಿಕೊಂಡು ಬಂದಿದ್ದೆ. ಮೈಗೆಲ್ಲ ಮಣ್ಣು ಹಚ್ಚಿಕೊಳ್ಳುವ ಮಂದಿ ನಾವು, ಕಿವಿಯ ಹಿಂದಿನ ಮಣ್ಣಿನ ಬಗ್ಗೆ ಯಾರು ಕೇಳುತ್ತಾರೆ? ಅದು ಗುಳ್ಳೆ ಮುಚ್ಚಲು ಮೆತ್ತಿದ್ದೆಂದು ಈಗ ಗೊತ್ತಾಗಿದೆ.

ನೀನು ಹೋದ ವಾರದಲ್ಲೇ ನನ್ನ ಎಡಗೆನ್ನೆ, ಕುತ್ತಿಗೆ ಚುರುಚುರು ಎನ್ನಲು ಶುರುವಾಯಿತು. ಮರುದಿನ ಸಾಸಿವೆ ಚೆಲ್ಲಿದ ಹಾಗೆ ನೀರುಗುಳ್ಳೆ. ವಸ್ತಾದರಿಗೆ ತೋರಿಸಿದೆ. ‘ಗರಡಿ ಮಣ್ಣ ಹಚ್ಚಿ ತಿಕ್ಕು. ಹನುಮಪ್ಪನ ಮಣ್ಣಿನ ಮುಂದ ನಿಲ್ಲೋ ರೋಗ ಯಾವುದೈತಿ?’ ಎಂದರು. ತಿಕ್ಕಿದೆ. ಗುಳ್ಳೆ ಒಡೆದು ಇನ್ನಷ್ಟು ಹರಡಿದವು. ಅವ್ವ ನೋಡಿ ಎದೆ ಬಡಿದುಕೊಂಡು, ಇದು ಸರ್ಪಸುತ್ತೇ ಎಂದು ತೀರ್ಮಾನ ಮಾಡಿ, ದರೋಜಿಯಲ್ಲಿ ಸರ್ಪಸುತ್ತಿಗೆ ಕಾವಿ ಬರೆಯುವ ಹೊಳೆಮ್ಮನ ಹತ್ತಿರ ಕರೆದೊಯ್ದಳು. ಆ ಮುದುಕಿ ನನ್ನ ಕುತ್ತಿಗೆಯ ಮೇಲೆ ಕಾವಿಯಲ್ಲಿ ಹಾವು ಬರೆದು, ಅದರ ತಲೆಯೂ ಬಾಲವೂ ಕೂಡದಂತೆ ನಡುವೆ ಗೆರೆ ಎಳೆದು, ಇನ್ನು ಹೆದರಬ್ಯಾಡ ಎಂದು ಬೆನ್ನು ತಟ್ಟಿ ಕಳಿಸಿದಳು. ಆ ಹಾವನ್ನು ಹೊತ್ತುಕೊಂಡೇ ಪಾಳಿಗೆ ಹೋದೆ. ಕ್ಯಾಂಟೀನಿನಲ್ಲಿ ಹುಡುಗರು ‘ನಾಗಪ್ಪ ಬಂದ, ಹಾಲು ಎರೀರಪಾ’ ಎಂದು ನಕ್ಕರು, ನಾನೂ ನಕ್ಕೆ. ಆಮೇಲೆ ಜ್ವರ ಬಂತು, ದವಡೆಯ ಕೆಳಗೆ ಗಂಟು ಕಟ್ಟಿತು, ಕಣ್ಣಿನ ಹತ್ತಿರ ಒಂದು ಗುಳ್ಳೆ ಎದ್ದಿತು. ಆಗ ಹೆದರಿ ಹೊಸಪೇಟೆಯ ಚರ್ಮದ ಡಾಕ್ಟರ್ ಅನ್ನಪೂರ್ಣ ಅವರ ಹತ್ತಿರ ಹೋದೆ.

ಅವರು ಬೆಳಕು ಬಿಟ್ಟು ನೋಡಿ ಮೊದಲು ಕೇಳಿದ್ದೇ ‘ಕುಸ್ತಿ ಆಡ್ತೀರೇನು?’ ಎಂದು. ಇದು ಸರ್ಪಸುತ್ತಲ್ಲ, ಹರ್ಪಿಸ್ ಎಂದರು. ಮೈಗೆ ಮೈ ಉಜ್ಜಿದರೆ ಸಾಕು, ಒಬ್ಬರಿಂದ ಒಬ್ಬರಿಗೆ ಬರುತ್ತದಂತೆ, ಕುಸ್ತಿಯವರಿಗೆ ಮುಖ, ಕುತ್ತಿಗೆ, ಕಿವಿಯ ಹತ್ತಿರವೇ ಏಳುತ್ತದಂತೆ. ‘ಭಾಳ ಮಂದಿ ಮೈಯಾಗ ಸುಮ್ನ ಮಲಗಿರ್ತದ ರೀ ಇದು. ನಾಚಿಕಿ ಪಡೋದು ಏನೂ ಇಲ್ಲ. ಗುಳ್ಳಿ ಇದ್ದಾಗ ಮಣ್ಣಿಗೆ ಇಳೀಬ್ಯಾಡ್ರಿ, ಟವೆಲ್ ಯಾರಿಗೂ ಕೊಡಬ್ಯಾಡ್ರಿ’ ಎಂದು ಹೇಳಿ ವಾಲಸೈಕ್ಲೋವಿರ್ ಎಂಬ ಗುಳಿಗೆ ಬರೆದುಕೊಟ್ಟರು. ಈ ಗುಳಿಗೆ ರೋಗವನ್ನು ಬೇರುಸಹಿತ ಕೀಳುವುದಿಲ್ಲ, ಅದನ್ನು ಅದುಮಿ ಇಡುತ್ತದೆ. ಚುರುಚುರು ಎಂದ ಕೂಡಲೇ ಶುರುಮಾಡಿದರೆ ಜಲ್ದಿ ಒಣಗುತ್ತದೆ. ಮತ್ತೆ ಮತ್ತೆ ಏಳುವವರು ದಿನಾಲೂ ನುಂಗಬೇಕಾಗುತ್ತದೆ ಎಂದರು. ನನಗೆ ಸಮಾಧಾನವಾಯಿತು. ಚೀಟಿ ಹಿಡಿದುಕೊಂಡು ನಮ್ಮ ಲಿಂಗರಾಜನ ಮೆಡಿಕಲ್ ಶಾಪಿಗೆ ಹೋದೆ. ಅವನು ಚೀಟಿಯನ್ನು ಪೂರ್ತಿ ನೋಡಲೂ ಇಲ್ಲ. ‘ಏನೋ ಜಂಬು, ಈ ತಿಂಗಳ ಅಣ್ಣಂದು ಆಗ್ಲೇ ಒಯ್ದೀಯಲ್ಲೋ, ಮತ್ತ್ಯಾಕ?’ ಎಂದ. ನಾನು ಚೀಟಿ ಮುಂದೆ ಹಿಡಿದೆ. ಅವನು ಅದೇ ಕಪಾಟಿನಿಂದ ಅದೇ ಗುಳಿಗೆ ಪಟ್ಟಿ ತೆಗೆದು ಕೌಂಟರ್ ಮೇಲೆ ಇಟ್ಟ.

ಅಣ್ಣಾ, ನೀನು ಕೊಟ್ಟ ಖಾಲಿ ಪಟ್ಟಿ ತೋರಿಸಿ ಎರಡು ವರ್ಷದಿಂದ ತಿಂಗಳು ತಪ್ಪದೆ ಆ ಪಟ್ಟಿಯನ್ನು ಕೊಂಡವನು ನಾನು. ಸಜ್ಜೆ ರೊಟ್ಟಿ, ಶೇಂಗಾ ಪುಡಿಯ ಗಂಟಿನಲ್ಲಿಟ್ಟು ಕೊಲ್ಲಾಪುರದ ಬಸ್ಸಿಗೆ ಕೊಟ್ಟು, ಕಂಡಕ್ಟರನಿಗೆ ಹತ್ತು ಸಲ ಹೇಳಿ ಕಳಿಸಿದವನೂ ನಾನೇ. ‘ಮೊಣಕಾಲಿನ ಕೀಲಿಗೆ ಲೇ, ಇಲ್ಲಿ ಈ ಕಂಪನೀದು ಸಿಗಂಗಿಲ್ಲ’ ಎಂದಿದ್ದೆ. ಮಳೆ ಬರಲಿ, ಪಾಳಿ ಇರಲಿ, ಅಣ್ಣನ ಕೀಲು ಕೆಟ್ಟರೆ ಅವನ ಕುಸ್ತಿ ಹೋಯಿತು ಎಂದು ಓಡುತ್ತಿದ್ದೆನಲ್ಲ! ಒಂದು ಸಲವಾದರೂ ಪಟ್ಟಿಯ ಮೇಲಿನ ಹೆಸರು ಓದಲಿಲ್ಲ. ಯಾಕೆ ಓದಬೇಕು? ಹೇಳಿದವನು ನೀನು.

ಅವತ್ತು ಲಿಂಗರಾಜನ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ನಿನಗೆ ಫೋನ್ ಮಾಡಿದೆ. ನೀನು ಮೊದಲು ಗದರಿದೆ, ಆಮೇಲೆ ಎಲ್ಲ ಹೇಳಿದೆ. ಅಲ್ಲಿನ ತಾಲೀಮಿನಲ್ಲಿ ಯಾವನದೋ ಮೈಯಿಂದ ನಿನಗೆ ಬಂದದ್ದು, ಅಲ್ಲಿಯ ಡಾಕ್ಟರ್ ಎಲ್ಲ ತಿಳಿಸಿ ಹೇಳಿದ್ದು, ಅಲ್ಲಿಯೇ ಗುಳಿಗೆ ಕೊಂಡರೆ ಜೊತೆಯವರಿಗೆ ಗೊತ್ತಾಗಿ ಯಾರೂ ನಿನ್ನ ಮೈ ಮುಟ್ಟಲಿಕ್ಕಿಲ್ಲವೆಂದು ನನ್ನಿಂದ ತರಿಸುತ್ತಿದ್ದದ್ದು. ದಸರೆಗೆ ಬರುವಾಗ ಅವ್ವನ ಕಣ್ಣಿಗೆ ಬಿದ್ದೀತೆಂದು ಗುಳಿಗೆಯನ್ನು ಕೊಲ್ಲಾಪುರದಲ್ಲೇ ಬಿಟ್ಟು ಬಂದೆಯಂತೆ. ಪ್ರಯಾಣದ ದಣಿವಿಗೆ ಗುಳ್ಳೆ ಎದ್ದವು. ಎದ್ದದ್ದು ಗೊತ್ತಿದ್ದೂ ಮಣ್ಣು ಮೆತ್ತಿ ನನ್ನನ್ನು ಕರೆದೆ. ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನೀನು ಅತ್ತೆ. ಅಪ್ಪ ಹೋದಾಗಲೂ ಅಳದ ನೀನು ಫೋನಿನಲ್ಲಿ ಅತ್ತೆ. ‘ಯಾರಿಗೂ ಹೇಳಬ್ಯಾಡೋ ತಮ್ಮಾ, ಮಂದಿ ನನ್ನ ಕೂಡ ಕುಸ್ತಿ ಹಿಡ್ಯಂಗಿಲ್ಲ. ನಿನಗೇನರ ತ್ರಾಸ ಆದ್ರ ನಾ ಅದೀನಿ, ನಾ ಹೇಳ್ತೀನಿ’ ಎಂದೆ. ಆಯ್ತಣ್ಣ ಎಂದೆ ನಾನು. ಅವ್ವನಿಗೂ ಹೇಳಲಿಲ್ಲ.

ಆದರೆ ರೋಗದ ಹೆಸರು ಕಟ್ಟಿಹಾಕಿ ನಿಲ್ಲಿಸುವಂಥದ್ದಲ್ಲ. ಇಷ್ಟು ದಿನ ಯಾಕೆ ಗರಡಿಗೆ ಬರಲಿಲ್ಲ ಎಂದು ಹುಡುಗರು ಕೇಳಿದರು, ಡಾಕ್ಟರು ಹೇಳಿದ ಹೆಸರನ್ನೇ ಹೇಳಿದೆ. ಅಲ್ಲೇ ಫೋನ್ ತೆಗೆದು ಹುಡುಕಿದರು. ಮೊದಲಿಗೇ ಬಂದದ್ದು ಗಂಡು ಹೆಣ್ಣು ಕೂಡಿದರೆ ಬರುವ ರೋಗ ಎಂದು. ಅದರ ಕೆಳಗೆ ಇನ್ನೂ ಎಷ್ಟೋ ಇತ್ತು, ಓದುವ ಸಹನೆ ಯಾರಿಗಿದೆ? ಸಂಜೆಯ ಹೊತ್ತಿಗೆ ಊರವರ ಬಾಯಲ್ಲಿ ನಾನು ಎಲ್ಲೆಲ್ಲೋ ಹೋಗಿ ಬಂದವನಾಗಿದ್ದೆ. ನಮ್ಮ ಗರಡಿಯ ಒಬ್ಬ ಹುಡುಗ ಲಿಂಗರಾಜನ ಅಂಗಡಿಯ ಆಳನ್ನು ಕೇಳಿಕೊಂಡು ಬಂದು, ‘ಅವಾ ಎರಡು ವರ್ಷದಿಂದ ಇದೇ ಗುಳಿಗಿ ಒಯ್ಯಾಕತ್ಯಾನ’ ಎಂದು ಸೇರಿಸಿದ. ನೋಡು, ನಿನಗಾಗಿ ಓಡಿದ್ದೇ ನನ್ನ ಕೊರಳಿಗೆ ಬಂತು. ನಿನಗೆ ಮಾತು ಕೊಟ್ಟಿದ್ದೆ, ಬಾಯಿ ಬಿಗಿಹಿಡಿದುಕೊಂಡೆ.

ಅದರ ಮುಂದಿನ ಸೋಮವಾರ ವಸ್ತಾದರು ಗರಡಿಯ ಮಣ್ಣು ತೆಗೆಸಿದರು. ನಮ್ಮ ಕಾಲದಲ್ಲಿ ಎಂದಾದರೂ ಹಾಗೆ ತೆಗೆಸಿದ್ದು ನೆನಪಿದೆಯೇನು ನಿನಗೆ? ಅಪ್ಪ ಸಾಮು ಮಾಡಿದ ಮಣ್ಣು, ವರ್ಷವರ್ಷ ಎಣ್ಣೆ, ಮಜ್ಜಿಗೆ, ಅರಿಶಿನ ಕುಡಿದು ಬೆಣ್ಣೆಯ ಹಾಗೆ ಆಗಿದ್ದ ಮಣ್ಣು. ಅದನ್ನು ಸಲಿಕೆಯಲ್ಲಿ ಎತ್ತಿ ಟ್ರ್ಯಾಕ್ಟರಿಗೆ ತುಂಬಿ ತಿಪ್ಪೆಯ ಆಚೆ ಸುರಿದರು. ಹೊಸ ಮಣ್ಣು ತಂದು ಜರಡಿ ಹಿಡಿದು, ನಿಂಬೆಹಣ್ಣು ಕೊಯ್ದು, ಹಾಲು ಎರೆದು ಪೂಜೆ ಮಾಡಿದರು. ನಾನು ರಸ್ತೆಯ ಈಚೆ ಹುಣಸೆ ಮರದ ಕೆಳಗೆ ನಿಂತು ನೋಡಿದೆ. ವಸ್ತಾದರು ನನ್ನನ್ನು ಕಂಡು, ‘ಜಂಬುನಾಥ, ನೀ ಇನ್ನ ಹೊಸ್ತಿಲ ದಾಟಬ್ಯಾಡಪಾ, ನನ್ನ ಕೈಲಿ ಅನಸಬ್ಯಾಡ’ ಎಂದು ಅಲ್ಲಿಂದಲೇ ಕೂಗಿ ಹೇಳಿದರು. ಒಳಗೆ ಹನುಮಪ್ಪನ ಪಕ್ಕದಲ್ಲಿ ನಿನ್ನ ಫೋಟೋ ಹಾಗೆಯೇ ಇತ್ತು, ಅದಕ್ಕೂ ಕುಂಕುಮ ಹಚ್ಚಿದ್ದರು. ನನಗೆ ಮಣ್ಣಿನಲ್ಲಿ ಬಿದ್ದು ಹೊರಳಾಡಿ ಅಳಬೇಕೆನಿಸಿತು, ಅದಕ್ಕೂ ಆ ಮಣ್ಣು ಇರಲಿಲ್ಲ.

ಮಣ್ಣು ತೆಗೆಸಿದ ಸುದ್ದಿ ಊರು ದಾಟುವುದಕ್ಕೆ ಎಷ್ಟು ಹೊತ್ತು? ನನಗೆ ನಿಶ್ಚಯವಾಗಿರುವ ಸುಮಲತಾಳ ಅಪ್ಪ, ಕಂಪ್ಲಿಯ ಆಲೆಮನೆಯ ಕಾಳಪ್ಪ ಮಾವ, ಬೈಕಿನಲ್ಲಿ ಬಂದು ನಮ್ಮ ಕಟ್ಟೆಯ ಮೇಲೆ ಕೂತರು. ಅವ್ವ ಚಹಾ ಕೊಟ್ಟರೆ ಮುಟ್ಟಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ಕೂಗಾಡಲೂ ಇಲ್ಲ. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ಮೈಗೆ ಮೈ ಉಜ್ಜಿ ಗರಡಿಯಲ್ಲೇ ಬಂದದ್ದು ಎಂದೆ. ಅವರು ಒಂದೇ ಮಾತು ಕೇಳಿದರು: ‘ಕುಸ್ತಿಯಾಗ ಬರೋದಾದ್ರ ನಿಮ್ಮಣ್ಣಗ ಯಾಕ ಬಂದಿಲ್ಲಪಾ? ಅವಾ ನಿನಗಿಂತ ಹತ್ತು ಪಾಲು ಆಡ್ಯಾನಲ್ಲ.’ ಅದಕ್ಕೆ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಅಣ್ಣನನ್ನೇ ಕೇಳ್ರಿ ಮಾವ ಎಂದು ನಾನೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಅವರ ಮುಂದೆ ಕಟ್ಟೆಯ ಮೇಲೆ ಇಟ್ಟೆ. ‘ನಾ ಅದೀನಿ, ನಾ ಹೇಳ್ತೀನಿ’ ಎಂದಿದ್ದೆಯಲ್ಲ, ಆ ನಂಬಿಕೆ ನನಗೆ.

ನೀನು ಏನಂದೆ? ನಿನಗೆ ಮರೆತಿರಬಹುದು, ನನಗೆ ಒಂದು ಅಕ್ಷರವೂ ಮರೆತಿಲ್ಲ. ‘ಕುಸ್ತಿಯಾಗ ಇಂಥಾ ರೋಗ ನಾ ಎಲ್ಲೂ ಕಂಡಿಲ್ರೀ ಮಾವ. ಅವಾ ಫ್ಯಾಕ್ಟರಿ ಹುಡುಗ್ರ ಸಂಗಡ ಎಲ್ಲೆಲ್ಲಿ ಅಡ್ಡಾಡ್ತಾನೋ, ನಾ ದೂರ ಇರೋನು, ನನಗೇನ್ ಗೊತ್ತು?’ ಎಂದೆ. ಎಂಥಾ ಮಾತಣ್ಣ! ಗೊತ್ತಿಲ್ಲ ಎಂದು ಅಷ್ಟಕ್ಕೇ ಬಿಟ್ಟಿದ್ದರೂ ಸಹಿಸುತ್ತಿದ್ದೆ. ಹೆದರಿಕೆಗೆ ಹೇಳಿದ ಎಂದುಕೊಳ್ಳುತ್ತಿದ್ದೆ. ನನ್ನ ನಡತೆಯ ಮೇಲೆ ಕೆಸರು ಎರಚಿ ನೀನು ಪಾರಾದೆ. ನನ್ನ ಫೋನಿನಲ್ಲಿ, ನನ್ನ ಮನೆಯ ಕಟ್ಟೆಯ ಮೇಲೆ, ಅವ್ವನ ಎದುರಿಗೆ. ಅವ್ವ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದವಳು ನಾನು ಪಾಳಿಗೆ ಹೋಗುವವರೆಗೂ ಹೊರಗೆ ಬರಲಿಲ್ಲ.

ಕಾಳಪ್ಪ ಮಾವ ಎದ್ದು, ಕಾರ್ತೀಕ ಮುಗಿಯುವುದರೊಳಗೆ ಹೇಳಿ ಕಳಿಸುತ್ತೇನೆ ಎಂದು ಹೋದರು. ಸಿರುಗುಪ್ಪದ ಕಡೆಯಿಂದ ಇನ್ನೊಂದು ಸಂಬಂಧ ಕೇಳಿಕೊಂಡು ಬಂದಿದೆಯಂತೆ. ಸುಮಲತಾ ಒಂದೇ ಸಲ ಫೋನ್ ಮಾಡಿದ್ದಳು. ನಿನಗೆ ಅವಳ ವಿಷಯ ಸರಿಯಾಗಿ ಗೊತ್ತಿಲ್ಲ. ಜಗಳಗಂಟಿ, ನನಗಿಂತ ಎರಡು ಮಾತು ಜಾಸ್ತಿ ಆಡುವವಳು. ಎಲೆಅಡಿಕೆ ಹಾಕಿದರೆ ಮಾತಾಡುವುದಿಲ್ಲ ಎಂದು ಹೆದರಿಸಿ ನನ್ನಿಂದ ಬಿಡಿಸಿದವಳು. ಅವತ್ತು ಜಗಳವನ್ನೇ ಆಡಲಿಲ್ಲ. ‘ನಾ ನಿನ್ನ ನಂಬ್ತೀನಿ ಅನ್ನಾಕ ಮನಸೈತಿ. ಆದ್ರ ಒಡಹುಟ್ಟಿದಾವನ ಹಂಗ ಅಂದ ಮ್ಯಾಲ ನಮ್ಮಪ್ಪಗ ನಾ ಏನಂತ ಹೇಳ್ಲಿ?’ ಎಂದಳು. ಅದಕ್ಕೆ ಉತ್ತರ ನೀನೇ ಕೊಡು.

ನಾನೇ ಹೇಳಿಬಿಡಬಹುದಿತ್ತು ಎನ್ನುತ್ತೀಯಾ? ಈಗ ನಾನು ಹೇಳಿದರೆ ಅದು ತಪ್ಪಿಸಿಕೊಳ್ಳುವವನ ಮಾತು. ಗದೆ ಗೆದ್ದ ಅಣ್ಣನ ಮೇಲೆ ಹೊಟ್ಟೆಕಿಚ್ಚಿಗೆ ಹೊರಿಸಿದ ಎನ್ನುತ್ತಾರೆ. ಲಿಂಗರಾಜನನ್ನು ಸಾಕ್ಷಿಗೆ ಕರೆದರೆ, ಅಣ್ಣನಿಗೆ ಎಂದು ಅವನಿಗೆ ಹೇಳಿದವನೂ ನಾನೇ, ಅವನು ಕಂಡದ್ದು ನಾನು ಕೊಂಡದ್ದನ್ನು, ನೀನು ನುಂಗಿದ್ದನ್ನಲ್ಲ. ಎಂಥಾ ಪಟ್ಟು ಹಾಕಿದ್ದೀಯೋ ಅಣ್ಣ, ಮಿಸುಕಾಡಲು ಜಾಗವಿಲ್ಲ. ಇದನ್ನು ಬಿಡಿಸಲು ಬರುವುದು ನಿನಗೊಬ್ಬನಿಗೇ. ರೋಗ ಬಂದದ್ದಕ್ಕೆ ನಿನ್ನನ್ನು ಬೈಯುತ್ತಿಲ್ಲ, ಗುಳಿಗೆ ನುಂಗಿದ್ದಕ್ಕೂ ಬೈಯುತ್ತಿಲ್ಲ. ಅದು ಜಾಣತನವೇ, ನಾನೂ ಈಗ ನುಂಗುತ್ತಿದ್ದೇನೆ, ಮುಖ ಪೂರಾ ಒಣಗಿದೆ. ಗುಳ್ಳೆ ಎದ್ದಾಗ ಮಣ್ಣಿಗೆ ಇಳಿಯಬೇಡ, ನಿನ್ನ ಜೋಡಿ ಆಡುವವರಿಗೆ ಹೇಳು, ಅಷ್ಟೇ. ಅವರೂ ಯಾರದೋ ತಮ್ಮಂದಿರು. ಕಾಳಪ್ಪ ಮಾವನಿಗೆ ನಿನ್ನ ಬಾಯಿಂದ ಒಂದು ನಿಜ ಬೇಕು. ನಿನಗೆ ಹೋಗುವುದು ಒಂದಿಷ್ಟು ಕುಸ್ತಿ, ನನಗೆ ಹೋಗುವುದು ಸುಮಲತಾ. ಅಣ್ಣನೂ ಹೋದ ಎಂದು ಬರೆಯಲು ಇನ್ನೂ ಕೈ ಬರುತ್ತಿಲ್ಲ.

ಅವ್ವ ಒಲೆಯ ಮುಂದೆ ಕೂತು ‘ಹೊನ್ನೂರಗ ಮೈ ಕಡೆ ನೋಡ್ಕೋ ಅಂತ ಬರಿ’ ಎನ್ನುತ್ತಿದ್ದಾಳೆ, ಬರೆದಿದ್ದೇನೆ. ಅವಳ ಆಶೀರ್ವಾದ ನಿನಗೆ ಎಂದಿನಂತೆ ಇದೆ. ನನ್ನ ನಮಸ್ಕಾರ ನೀನು ಏನು ಮಾಡುತ್ತೀಯೋ ನೋಡಿಕೊಂಡು.

ಇಂತಿ ನಿನ್ನ ತಮ್ಮ,
ಜಂಬುನಾಥ

ತಾ.ಕ.: ಇದನ್ನು ಅಂಚೆಗೆ ಹಾಕಲಿಲ್ಲ. ಗಾಣದ ಸಾಮಾನು ತರಲು ಕಾಳಪ್ಪ ಮಾವ ಕೊಲ್ಲಾಪುರಕ್ಕೆ ಹೊರಟಿದ್ದಾರೆಂದು ತಿಳಿಯಿತು. ಅವರ ಕೈಯಲ್ಲೇ ಕಳಿಸೋಣವೆಂದು ಬಸ್ ಸ್ಟ್ಯಾಂಡಿಗೆ ಓಡಿ ಬಂದಿದ್ದೇನೆ, ಬಸ್ಸಿನ ಬಾಗಿಲಲ್ಲಿ ನಿಂತು ಬರೆಯುತ್ತಿದ್ದೇನೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ‘ಇದ್ರಾಗ ಏನೈತಿ?’ ಎಂದು ಮಾವ ಕೇಳಿದರು. ‘ಅಣ್ಣ ಓದಿ ಹೇಳ್ತಾನ್ರೀ’ ಎಂದೆ. ಅವರಿಗೆ ಓದಲು ಬರುವುದಿಲ್ಲ, ನಿನಗೆ ಗೊತ್ತು. ಈಗ ನಿನ್ನ ಎದುರಿಗೆ ಕೂತು ನಿನ್ನ ಮುಖವನ್ನೇ ನೋಡುತ್ತಿರುತ್ತಾರೆ. ನಡುನಡುವೆ ಬಿಟ್ಟು ಓದಿದರೆ ಅವರಿಗೆ ತಿಳಿಯುವುದಿಲ್ಲ, ಹಿಡಿಯಲು ನಾನೂ ಅಲ್ಲಿರುವುದಿಲ್ಲ. ಮೊದಲಿನಿಂದ, ಜೋರಾಗಿ ಓದಣ್ಣ.